ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ಮೊದಲು ಕೇಳೋಣ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ವಾಚಕರ ವಿಭಾಗದಲ್ಲಿ ನಮ್ಮ ಕಡೆಯ ಯುವ ಬೆಳೆಗಾರರೊಬ್ಬರ ಪತ್ರ ಬಂದಿತ್ತು. ಕೊಡಗಿನ ಮನೆಗಳಲ್ಲಿರುವ ಕೋವಿಗಳು ಅಜ್ಜಂದಿರ ಕಾಲದವು, ಅಮೆರಿಕದಲ್ಲಿ ಕೊಯೋಟಿ ಎಂಬ ನರಿಯಂಥ ಪ್ರಾಣಿಯ ಬೇಟೆಗೆ ಬಳಸುವಂಥ ವೇಗದ ರೈಫಲ್‌ಗಳು ನಮಗೂ ಸಿಗಬೇಕು, ಆಗ ಕಾಡುಹಂದಿ ಕಾಟ ತಪ್ಪುತ್ತದೆ ಎಂದು ಅವರು ಬರೆದಿದ್ದರು. ಅವರ ಗದ್ದೆ ಒಂದೇ ರಾತ್ರಿಯಲ್ಲಿ ಉತ್ತ ಹಾಗೆ ಆಗಿದ್ದನ್ನು ಓದಿ ಸಂಕಟವಾಯಿತು. ನಮ್ಮ ಗದ್ದೆಯಲ್ಲೂ ಅದೇ ಕಥೆ. ಆದರೆ ಅವರು ಕೇಳಿರುವ ಪರಿಹಾರವನ್ನು ನಾನು ಒಪ್ಪುವುದಿಲ್ಲ. ಯಾಕೆ ಎಂದು ಸ್ವಲ್ಪ ವಿವರವಾಗಿ ಬರೆಯಬೇಕು. ಪತ್ರ ಉದ್ದವಾಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ನಾನು ಪೊನ್ನಂಪೇಟೆ ಕಡೆಯವನು. ಸೈನ್ಯದಲ್ಲಿ ಆರ್ಮರರ್ ಆಗಿದ್ದೆ. ಕೋವಿ ಬಿಚ್ಚುವುದು, ಸವೆದ ಭಾಗ ಬದಲಿಸುವುದು, ನಳಿಗೆಗೆ ಗೇಜ್ ಹಾಕಿ ನೋಡುವುದು ನನ್ನ ಕೆಲಸ. ಸೈನ್ಯದ ರೈಫಲ್‌ಗಳಲ್ಲಿ 7.62 ಮಿಲಿಮೀಟರ್ ಗುಂಡಿನ ಎಸ್‌ಎಲ್‌ಆರ್‌ನಿಂದ ಹಿಡಿದು 5.56ರ ಇನ್ಸಾಸ್‌ವರೆಗೆ ಎಲ್ಲವೂ ನನ್ನ ಮೇಜಿನ ಮೇಲೆ ಬಂದುಹೋಗಿವೆ. ಈಗ ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಒಂದಿಷ್ಟು ಗದ್ದೆ. ಮಗಳು ಅಳಿಯ ಅಮೆರಿಕದ ಕಾನ್ಸಾಸ್ ರಾಜ್ಯದಲ್ಲಿದ್ದಾರೆ. ಅವರ ಮನೆಗೆ ಹೋಗಿದ್ದಾಗ ಹತ್ತಿರದ ದನದ ಫಾರ್ಮಿನ ಮಾಲೀಕರು ಕೊಯೋಟಿ ಬೇಟೆಗೆ ಕರೆದುಕೊಂಡು ಹೋದರು. ನಾನು ಕೋವಿ ಮುಟ್ಟಲಿಲ್ಲ. ಭೇಟಿಗೆ ಬಂದ ವಿದೇಶಿಯರು ಕೋವಿ ಹಿಡಿಯಲು ಅಲ್ಲಿ ಬೇರೆ ನಿಯಮಗಳಿವೆ. ದುರ್ಬೀನು ಹಿಡಿದು ಕೂತೆ. ಮನಸ್ಸಿಗೆ ಬಂದ ಪ್ರಶ್ನೆ ಎಲ್ಲ ಕೇಳಿದೆ. ಅವರ ಕಾರ್ಟ್ರಿಜ್, ಅಂದರೆ ಗುಂಡು ಮದ್ದು ಒಟ್ಟಿಗೆ ತುಂಬಿದ ತೋಟೆಗಳ, ಪೆಟ್ಟಿಗೆಗಳನ್ನು ತಿರುಗಿಸಿ ತಿರುಗಿಸಿ ಓದಿದೆ. ಯುವ ಬೆಳೆಗಾರರು ಮೊಬೈಲ್‌ನಲ್ಲಿ ನೋಡಿರುವುದು ಇದೇ ಬೇಟೆಯನ್ನು. ಆದರೆ ರೈಫಲ್ ಆರಿಸುವ ಮೊದಲು ಆ ಜನ ಏನೆಲ್ಲ ಯೋಚಿಸುತ್ತಾರೆ ಅನ್ನುವುದು ವಿಡಿಯೋದಲ್ಲಿ ಬರುವುದಿಲ್ಲ.

ಮೊದಲು ಪ್ರಾಣಿಯ ಬಗ್ಗೆ. ಕೊಯೋಟಿ ಉತ್ತರ ಅಮೆರಿಕದ್ದು. ನಮ್ಮ ನರಿಯ ಹತ್ತಿರದ ಸಂಬಂಧಿ. ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಸಾಮಾನ್ಯವಾಗಿ 9ರಿಂದ 20 ಕಿಲೋ ತೂಗುತ್ತದೆ. ಚಳಿಗಾಲದ ತುಪ್ಪಳದಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತದೆ, ಒಳಗಿರುವ ಮೈ ಮಾತ್ರ ತೆಳ್ಳಗಿನದು. ಹಸುಗಳು ಕರು ಹಾಕುವ ಕಾಲದಲ್ಲಿ ಹಿಂಡಿನ ಸುತ್ತ ಸುಳಿಯುತ್ತದೆ, ಕುರಿಮರಿ ಎತ್ತಿಕೊಂಡು ಹೋಗುತ್ತದೆ. ಕಾನ್ಸಾಸ್‌ನಲ್ಲಿ ಅದರ ಬೇಟೆಗೆ ವರ್ಷವಿಡೀ ಅವಕಾಶವಿದೆ. ಬೇರೆ ರಾಜ್ಯಗಳಲ್ಲಿ ನಿಯಮ ಬೇರೆ.

ಇಲ್ಲಿ ಹಾಗಲ್ಲ. ನಮ್ಮ ನರಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ನಂತರ ಹುಲಿ, ಆನೆಗಳ ಜೊತೆ ಮೊದಲನೇ ಅನುಸೂಚಿಯಲ್ಲಿದೆ. ಅದು ಗದ್ದೆಯ ಇಲಿ, ಏಡಿ ತಿಂದುಕೊಂಡು ಬದುಕುವ ಪ್ರಾಣಿ. ಅದರ ಮೇಲೆ ಗುಂಡು ಹಾರಿಸುವ ಮಾತೇ ಬೇಡ. ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಅಧಿಕೃತ ಅನುಮತಿ ಇಲ್ಲದೆ ಅದನ್ನು ಹೊಡೆಯುವುದೂ ಅಪರಾಧ. ನಮಗೆ ಇರುವುದು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಮಾತ್ರ. ಬೇಟೆಗೆ ಯಾವ ವಿನಾಯಿತಿಯೂ ಇಲ್ಲ. ಇದನ್ನು ನಮ್ಮ ಹುಡುಗರಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಈಗ ಕಾನ್ಸಾಸ್‌ಗೆ ಬರೋಣ. ಆ ಫಾರ್ಮ್ ಎಂದರೆ ಕಣ್ಣು ಹಾಯುವಷ್ಟು ದೂರ ಹುಲ್ಲು. ಅಲ್ಲೊಂದು ಇಲ್ಲೊಂದು ಹಳ್ಳ, ಸಣ್ಣ ದಿಬ್ಬ, ಮುಳ್ಳುತಂತಿ ಬೇಲಿ. ಗಾಳಿ ನಿಲ್ಲುವುದೇ ಇಲ್ಲ. ಮಾಲೀಕರು ಟ್ರಕ್ಕನ್ನು ಹಳ್ಳದಲ್ಲಿ ಬಿಟ್ಟು, ಗಾಳಿಗೆ ಎದುರಾಗಿ ನಡೆದು, ದಿಬ್ಬದ ಇಳಿಜಾರಿನಲ್ಲಿ ಕೂತರು. ತುದಿಯಲ್ಲಿ ಕೂರಲಿಲ್ಲ, ಅಲ್ಲಿ ಕೂತರೆ ಆಕಾಶಕ್ಕೆ ಎದುರಾಗಿ ಮನುಷ್ಯನ ಆಕಾರ ಕಾಣುತ್ತದೆ. ಗಾಯಗೊಂಡ ಮೊಲದ ಕೂಗು ಹೊರಡಿಸುವ ಒಂದು ಪೆಟ್ಟಿಗೆಯನ್ನು ಮುಂದೆ ದೂರದಲ್ಲಿ ಇಟ್ಟಿದ್ದರು. ಕೂಗಿಗೆ ಬಂದ ಕೊಯೋಟಿ ಸೀದಾ ಬರುವುದಿಲ್ಲ. ವಾಸನೆ ಹಿಡಿಯಲು ಗಾಳಿ ಬೀಸಿ ಹೋಗುವ ಕಡೆಗೆ ಸುತ್ತು ಹಾಕುತ್ತದೆ. ಕೆಲವು ಹತ್ತಿರಕ್ಕೆ ಓಡಿ ಬರುತ್ತವೆ, ಕೆಲವು 250, 300 ಗಜದಲ್ಲಿ ನಿಂತು ನೋಡಿ ತಿರುಗಿ ಹೋಗುತ್ತವೆ. ಅಲ್ಲಿನವರು ರೈಫಲ್ ಆರಿಸುವುದು ಈ ದೂರ, ಈ ಗಾಳಿ ಮತ್ತು ಆ ತೆಳ್ಳಗಿನ ಮೈ ನೋಡಿ.

ಅವರ ಟ್ರಕ್ಕಿನಲ್ಲಿದ್ದದ್ದು .22-250 ರೆಮಿಂಗ್ಟನ್ ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಸಲ ಕೈಯಿಂದ ಚಿಲಕ ಎಳೆದು ತುಂಬುವ ರೈಫಲ್. ಮಗನ ಕೈಯಲ್ಲಿ .223. ಮನೆಯಲ್ಲಿ ಜಿಂಕೆಗೆ ಇಟ್ಟುಕೊಂಡ .243 ವಿಂಚೆಸ್ಟರ್ ಕೂಡ ಇತ್ತು. ಈ ಅಂಕಿಗಳು ಕಾರ್ಟ್ರಿಜ್‌ಗಳ ಹೆಸರು, ಮೊದಲ ಅಂಕಿ ಹೆಚ್ಚುಕಡಿಮೆ ಗುಂಡಿನ ದಪ್ಪ ಇಂಚಿನಲ್ಲಿ. ಕೊಯೋಟಿ ಬೇಟೆಗಾರರಲ್ಲಿ ಅತಿ ಹೆಚ್ಚು ಮಾತು ನಡೆಯುವುದು ಈ ಮೂರರ ಸುತ್ತ.

.223 ಕಾರ್ಟ್ರಿಜ್ 1960ರ ದಶಕದ್ದು. ಸೈನ್ಯದ 5.56ರ ಒಡಹುಟ್ಟು. 55 ಗ್ರೇನ್ ಗುಂಡು, ಅಂದರೆ ಸುಮಾರು ಮೂರೂವರೆ ಗ್ರಾಂ, ಸೆಕೆಂಡಿಗೆ 3,200 ಅಡಿ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ಹೆಗಲಿಗೆ ಒದೆತ ಕಡಿಮೆ. ಹಾಗಾಗಿ ಗುಂಡು ತಾಗಿತೋ ಇಲ್ಲವೋ ಎಂದು ಸ್ಕೋಪಿನಲ್ಲೇ ಕಾಣುತ್ತದೆ. ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಬೆಲೆಯೂ ಕಡಿಮೆ. ಕಡಿಮೆ ಬೆಲೆ ಎಂದರೆ ಜಾಸ್ತಿ ಅಭ್ಯಾಸ. ನನ್ನ ಮಟ್ಟಿಗೆ .223ರ ದೊಡ್ಡ ಗುಣ ಇದೇ. 200 ಗಜದವರೆಗೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

.22-250 ಅದೇ 55 ಗ್ರೇನ್ ಗುಂಡನ್ನು ಸೆಕೆಂಡಿಗೆ 3,600 ಅಡಿಗೂ ಮೀರಿದ ವೇಗದಲ್ಲಿ ಕಳಿಸುತ್ತದೆ. ಮೊದಲು ಇದು ಹವ್ಯಾಸಿಗಳು ಮನೆಯಲ್ಲಿ ತಯಾರಿಸಿಕೊಳ್ಳುತ್ತಿದ್ದ ಕಾರ್ಟ್ರಿಜ್ ಆಗಿತ್ತು, 1965ರಲ್ಲಿ ರೆಮಿಂಗ್ಟನ್ ಕಂಪನಿ ಮಾರುಕಟ್ಟೆಗೆ ತಂದಿತು. ಬಯಲಿನಲ್ಲಿ ಇದರ ಲಾಭ ಗೊತ್ತಾಗುತ್ತದೆ. 300 ಗಜದಲ್ಲಿ ನಿಂತ ಕೊಯೋಟಿಗೆ ಅಡ್ಡಗಾಳಿ ಬೀಸುತ್ತಿದ್ದರೆ .223ರ ಗುಂಡು ಸುಮಾರು ಒಂದು ಅಡಿ ಪಕ್ಕಕ್ಕೆ ಹೋಗಬಹುದು. .22-250 ಅದನ್ನು ಕೆಲವು ಇಂಚು ಕಡಿಮೆ ಮಾಡುತ್ತದೆ. ಆದರೆ ಮದ್ದು ಜಾಸ್ತಿ ಉರಿಯುವುದರಿಂದ ನಳಿಗೆಯ ಗಂಟಲು, ಅಂದರೆ ಗುಂಡು ನಳಿಗೆಗೆ ಹೊಗುವ ಜಾಗ, ಬೇಗ ಸವೆಯುತ್ತದೆ. ಬಿಸಿಯಾದ ನಳಿಗೆಯಿಂದ ಮೇಲಿಂದ ಮೇಲೆ ಹೊಡೆಯಬಾರದು.

.243 ವಿಂಚೆಸ್ಟರ್ 1955ರದ್ದು. ಇದರಲ್ಲಿ 58ರಿಂದ 75 ಗ್ರೇನ್‌ವರೆಗಿನ ಹಗುರ ಗುಂಡು ಹಾಕಿದರೆ ಕೊಯೋಟಿಗೆ, 100 ಗ್ರೇನ್ ಹಾಕಿದರೆ ಜಿಂಕೆಗೆ. ಗಾಳಿಯನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ಒಂದೇ ರೈಫಲ್ ಇಟ್ಟುಕೊಳ್ಳಬೇಕು ಅನ್ನುವವರು ಇದನ್ನು ಆರಿಸುತ್ತಾರೆ. .204 ರೂಗರ್ 2004ರಲ್ಲಿ ಬಂತು, 32 ಗ್ರೇನ್ ಗುಂಡು ಸೆಕೆಂಡಿಗೆ 4,000 ಅಡಿ ದಾಟುತ್ತದೆ. ಅಷ್ಟು ಹಗುರವಾದದ್ದು ಜೋರು ಗಾಳಿಯಲ್ಲಿ ನನಗೆ ಇಷ್ಟವಾಗಲಿಲ್ಲ.

ಕೆಳಗಿನ ಮಿತಿಯನ್ನೂ ಹೇಳಬೇಕು. .22 ಎಲ್‌ಆರ್, ಅಂದರೆ ನಮ್ಮಲ್ಲಿ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಸ್ಪರ್ಧೆಯಲ್ಲಿ ಬಳಸುವ ಆ ಸಣ್ಣ ಕಾರ್ಟ್ರಿಜ್, ಕೊಯೋಟಿಗೆ ಸಾಲದು. 2002ರಲ್ಲಿ ಬಂದ .17 ಎಚ್‌ಎಂಆರ್ ವೇಗವಾಗಿದ್ದರೂ ಗುಂಡು ಬರೀ 17 ಗ್ರೇನ್. ಹತ್ತಿರದಲ್ಲಿ, ಸರಿಯಾದ ಜಾಗಕ್ಕೆ ತಾಗಿದರೆ ಬೀಳುತ್ತದೆ. ಇಲ್ಲದಿದ್ದರೆ ಗಾಯಗೊಂಡು ಓಡಿಹೋಗಿ ಎಲ್ಲೋ ಬಿದ್ದು ನರಳಿ ಸಾಯುತ್ತದೆ. ಆ ಮಾಲೀಕರಿಗೆ ಇದು ಸಹಿಸಲಾಗದ ವಿಷಯವಾಗಿತ್ತು. ದನ ಕಾಯಲು ಕೊಲ್ಲುವುದೇ ಆದರೆ ಒಂದೇ ಏಟಿಗೆ ಕೊಲ್ಲಬೇಕು ಅನ್ನುವುದು ಅವರ ಕಟ್ಟುನಿಟ್ಟು. ನನಗೂ ಅದೇ ಸರಿ ಅನ್ನಿಸುತ್ತದೆ.

ನಿಜವಾದ ಆಯ್ಕೆ ನಡೆಯುವುದು ರೈಫಲ್‌ನಲ್ಲಲ್ಲ, ಗುಂಡಿನಲ್ಲಿ. ಒಂದೇ .223ಗೆ ಹತ್ತಾರು ಬಗೆಯ ಗುಂಡು ಸಿಗುತ್ತದೆ. ಸೈನ್ಯದ ಗುಂಡು ಪೂರ್ತಿ ತಾಮ್ರದ ಕವಚದ್ದು. ಆ ಕವಚದ ಗುಂಡು ಸಣ್ಣ ಪ್ರಾಣಿಯ ಮೈಯಲ್ಲಿ ಸಣ್ಣ ತೂತು ಮಾಡಿ ಆಚೆ ಹೊರಟು ಹೋಗಬಹುದು. ಪ್ರಾಣಿ ಓಡುತ್ತದೆ, ಗುಂಡು ಮುಂದೆ ಹೋಗುತ್ತದೆ, ಕಲ್ಲಿಗೆ ಬಡಿದರೆ ಸಿಡಿದು ದಿಕ್ಕು ಬದಲಿಸುತ್ತದೆ. ಜಿಂಕೆಗೆ ಮಾಡಿದ ಗುಂಡು ಗಟ್ಟಿ, ಅದೂ ಕೊಯೋಟಿಯನ್ನು ದಾಟಿ ಹೋಗುತ್ತದೆ. ಕೊಯೋಟಿಗೆಂದೇ ಆರಿಸುವ ಗುಂಡಿನ ಕವಚ ತೆಳು, ತುದಿಯಲ್ಲಿ ಪ್ಲಾಸ್ಟಿಕ್ ಮೊನೆ. ಹಾರ್ನಡಿಯ ವಿ-ಮ್ಯಾಕ್ಸ್, ನೋಸ್ಲರ್‌ನ ಬ್ಯಾಲಿಸ್ಟಿಕ್ ಟಿಪ್, ಸಿಯೆರಾದ ಬ್ಲಿಟ್ಜ್‌ಕಿಂಗ್ ಇಂಥವು. ಮೈಗೆ ಹೊಕ್ಕ ತಕ್ಷಣ ಮೊನೆ ಹಿಂದಕ್ಕೆ ಒತ್ತಿ ಗುಂಡು ಒಳಗೇ ಪುಡಿಯಾಗುತ್ತದೆ. ಪ್ರಾಣಿ ಅಲ್ಲೇ ಬೀಳುತ್ತದೆ. ಹೆಚ್ಚಿನ ಸಲ ಗುಂಡು ಆಚೆ ಬರುವುದಿಲ್ಲ. ಚರ್ಮ ಮಾರುವವರಿಗೂ ಇದೇ ಬೇಕು, ಹೊರಬರುವ ದೊಡ್ಡ ತೂತಿನಿಂದ ತುಪ್ಪಳ ಹಾಳಾಗುವುದಿಲ್ಲ. ನೆಲಕ್ಕೆ ಬಡಿದರೂ ಇಂಥ ಗುಂಡು ಸಾಮಾನ್ಯವಾಗಿ ಒಡೆದುಹೋಗುತ್ತದೆ. ಸಿಡಿದು ಹಾರುವ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ನಳಿಗೆಯ ಸುರುಳಿಗೂ ಗುಂಡಿಗೂ ಹೊಂದಾಣಿಕೆ ಬೇಕು. ನಳಿಗೆಯೊಳಗಿನ ಗೀರುಗಳು ಎಷ್ಟು ಇಂಚಿಗೆ ಒಂದು ಸುತ್ತು ತಿರುಗುತ್ತವೆ ಅನ್ನುವುದು ಲೆಕ್ಕ. 12 ಇಂಚಿಗೆ ಒಂದು ಸುತ್ತು ಇರುವ .223ರಲ್ಲಿ 55 ಗ್ರೇನ್‌ವರೆಗೆ ಚೆನ್ನಾಗಿ ಹೋಗುತ್ತದೆ. 75 ಗ್ರೇನಿನ ಉದ್ದ ಗುಂಡಿಗೆ 8 ಇಂಚು ಅಥವಾ ಅದಕ್ಕಿಂತ ಬಿಗಿಯಾದ ಸುರುಳಿ ಬೇಕು. ಇಲ್ಲದಿದ್ದರೆ ಗುಂಡು ಗಾಳಿಯಲ್ಲೇ ಅಡ್ಡಾದಿಡ್ಡಿ ಹೊರಳುತ್ತದೆ. ಇನ್ನೊಂದು ವಿಷಯ, .223 ಎಂದು ಮುದ್ರೆ ಇರುವ ನಳಿಗೆಗೆ ಸೈನ್ಯದ 5.56 ಕಾರ್ಟ್ರಿಜ್ ಹಾಕಬಾರದು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಆದರೆ 5.56ರ ಚೇಂಬರಿನಲ್ಲಿ, ಅಂದರೆ ಕಾರ್ಟ್ರಿಜ್ ಕೂರುವ ಗೂಡಿನಲ್ಲಿ, ಗೀರು ಶುರುವಾಗುವ ಮೊದಲು ಜಾಗ ಜಾಸ್ತಿ. ಅದಕ್ಕೆಂದು ತುಂಬಿದ ಕಾರ್ಟ್ರಿಜ್ .223ರಲ್ಲಿ ಒತ್ತಡ ಏರಿಸುತ್ತದೆ. 5.56ರ ಚೇಂಬರಿಗೆ .223 ಹಾಕಿದರೆ ತೊಂದರೆ ಇಲ್ಲ.

ಆ ದಿನ ಒಂದು ಕೊಯೋಟಿ ದಿಬ್ಬದ ನೆತ್ತಿಯ ಮೇಲೆ ಬಂದು ನಿಂತಿತು. ಹಿಂದೆ ಬರೀ ಆಕಾಶ. ದೂರವೂ ಹೆಚ್ಚಿರಲಿಲ್ಲ. ಮಾಲೀಕರ ಮಗ ಕೆನ್ನೆಯನ್ನು ಕೋವಿಯ ಬುಡಕ್ಕೆ ಒತ್ತಿದ್ದರು. ಆದರೆ ಹಾರಿಸಲಿಲ್ಲ. ಕೊಯೋಟಿ ಸ್ವಲ್ಪ ಹೊತ್ತು ನಿಂತು ಹೊರಟುಹೋಯಿತು. ನಾನು ಕೇಳಿದ್ದಕ್ಕೆ ಅಪ್ಪ ಹೇಳಿದ್ದು ಇಷ್ಟೇ. ದಿಬ್ಬದ ಆಚೆ ಪಕ್ಕದವರ ಮನೆಗೆ ಹೋಗುವ ದಾರಿ ಇದೆ, ಅಲ್ಲಿ ಯಾರಿದ್ದಾರೆ ಎಂದು ನಮಗೆ ಕಾಣುವುದಿಲ್ಲ. ಅವರ ಕರು ಸತ್ತದ್ದು ಹಿಂದಿನ ವಾರವಷ್ಟೇ. ಆದರೂ ಹಾರಿಸಲಿಲ್ಲ. ಮೈಲುಗಟ್ಟಲೆ ಮನುಷ್ಯರೇ ಕಾಣದ ಬಯಲಿನಲ್ಲಿ ಆ ಜನ ಹೀಗೆ ಯೋಚಿಸುತ್ತಾರೆ. ಪ್ರಾಣಿಯ ಹಿಂದೆ ಮಣ್ಣು ಇದ್ದರೆ ಮಾತ್ರ ಗುಂಡು. ಅವರು ದಿಬ್ಬದ ಇಳಿಜಾರಿನಲ್ಲಿ ಕೂರುವುದೂ ಇದಕ್ಕೇ. ಮೇಲಿನಿಂದ ಕೆಳಕ್ಕೆ ಹೊಡೆದರೆ ತಪ್ಪಿದ ಗುಂಡು ನೆಲಕ್ಕೆ ಹೋಗುತ್ತದೆ.

ತಪ್ಪಿದ ಗುಂಡು ಎಷ್ಟು ದೂರ ಹೋಗಬಲ್ಲದು ಎಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆ ಪುಟ್ಟ .22 ಎಲ್‌ಆರ್ ಪೆಟ್ಟಿಗೆಯ ಮೇಲೇ ಒಂದೂವರೆ ಮೈಲಿವರೆಗೆ ಅಪಾಯ ಎಂದು ಅಚ್ಚು ಹಾಕಿರುತ್ತಾರೆ. .223ರಂಥದ್ದು ಮೇಲ್ಮುಖವಾಗಿ ಹೊರಟರೆ ಅದಕ್ಕಿಂತ ದೂರ. ಪೊನ್ನಂಪೇಟೆಯಿಂದ ಗೋಣಿಕೊಪ್ಪಲಿನ ಕಡೆಗೆ ಅಷ್ಟು ದೂರ ನಡೆದು ನೋಡಿ. ದಾರಿಯಲ್ಲಿ ಎಷ್ಟು ಮನೆ, ಎಷ್ಟು ಕಾರ್ಮಿಕರ ಲೈನ್ ಮನೆ, ಎಷ್ಟು ಶಾಲೆ ಮಕ್ಕಳು ಸಿಗುತ್ತಾರೆ ಎಂದು ಲೆಕ್ಕ ಹಾಕಿ.

ನಮ್ಮ ತೋಟ ಹೇಗಿದೆ? ಕಾಫಿ ಗಿಡ ಎದೆಮಟ್ಟ. ಮೇಲೆ ಸಿಲ್ವರ್ ಓಕ್, ಅದಕ್ಕೆ ಮೆಣಸಿನ ಬಳ್ಳಿ. ಮೂವತ್ತು ಗಜ ಆಚೆ ನಿಂತ ಮನುಷ್ಯ ಕಾಣುವುದಿಲ್ಲ. ರೋಬಸ್ಟಾ ಕೊಯ್ಲಿನ ಕಾಲದಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ತೋಟದ ತುಂಬ ಜನ. ಹೊರಗಿನಿಂದ ಬಂದ ಕಾರ್ಮಿಕರಿಗೆ ಯಾವ ದಾರಿಯಲ್ಲಿ ಹಂದಿ ಬರುತ್ತದೆ, ಯಾರು ಎಲ್ಲಿ ಕಾಯುತ್ತಿದ್ದಾರೆ ಒಂದೂ ಗೊತ್ತಿರುವುದಿಲ್ಲ. ಸಂಜೆ ಸೌದೆಗೆ, ನೀರಿಗೆ ಹೋಗುತ್ತಾರೆ. ಹಂದಿ ಎಂದು ತಿಳಿದು ಮನುಷ್ಯರಿಗೆ ಗುಂಡು ಹೊಡೆದ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಬಂದಿಲ್ಲ? ನಮ್ಮ ಪಕ್ಕದ ಊರಿನಲ್ಲೂ ಆಗಿದೆ. ಸೌದೆ ಹೊತ್ತು ಬರುತ್ತಿದ್ದ ಕಾರ್ಮಿಕರೊಬ್ಬರ ತೊಡೆಗೆ ಕೆಲವು ದಪ್ಪ ಗುಂಡುಗಳಿರುವ ಎಲ್‌ಜಿ ಕಾರ್ಟ್ರಿಜ್‌ನ ಒಂದು ಗುಂಡು ಹೊಕ್ಕಿತು. ಹಾರಿಸಿದವರಿಗೆ ಅವರು ಕಂಡೇ ಇರಲಿಲ್ಲ. ಜೀಪಿನಲ್ಲಿ ಆಸ್ಪತ್ರೆಗೆ ಸಾಗಿಸಿದವರಲ್ಲಿ ನಾನೂ ಇದ್ದೆ. ಜೀವ ಉಳಿಯಿತು. ಆದರೆ ಮೆಣಸು ಕೊಯ್ಯಲು ಏಣಿ ಹತ್ತುವ ಕೆಲಸ ಅವರಿಂದ ಮತ್ತೆ ಆಗಲಿಲ್ಲ. ಅದೇ ಅವರ ಅನ್ನವಾಗಿತ್ತು.

ಇಂಥ ಜಾಗಕ್ಕೆ .22-250 ತರಬೇಕೆ? ಆ ರೈಫಲ್ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅದು ಹುಟ್ಟಿದ್ದು 300 ಗಜದ ಬಯಲಿಗೆ. ನಮ್ಮ ಗುರಿ ಮೂವತ್ತು ಗಜದಲ್ಲಿದೆ, ಮಧ್ಯೆ ಕೊಂಬೆ ರೆಂಬೆ ಇದೆ. ಪುಡಿಯಾಗುವ ಆ ತೆಳು ಗುಂಡು ಹಂದಿಯ ಹೆಗಲಿಗೆ ಬೇಕಾದಷ್ಟು ಆಳಕ್ಕೂ ಹೋಗುವುದಿಲ್ಲ. ಹಂದಿಯ ಹೆಗಲಿನ ಮೇಲಿನ ಚರ್ಮ ದಪ್ಪ, ಮೂಳೆ ಗಟ್ಟಿ. ಮೇಲ್ಮೇಲೆ ಗಾಯವಾಗಿ ಓಡಿದ ಹಂದಿ ಮರುದಿನ ಬೆಳಿಗ್ಗೆ ಗೊಬ್ಬರ ಹಾಕಲು ಹೋದವರ ಮೈಮೇಲೆ ಬೀಳುತ್ತದೆ. ವಿಡಿಯೋದಲ್ಲಿ ಕಾಣುವ ಎಆರ್-15ರಂಥ ತಾನೇ ಗುಂಡು ತುಂಬಿಕೊಳ್ಳುವ ಸೆಮಿ ಆಟೋಮ್ಯಾಟಿಕ್‌ಗಳಂತೂ ನಮ್ಮ ಕಾನೂನಿನಲ್ಲಿ ಸಾಮಾನ್ಯ ನಾಗರಿಕರಿಗೆ ಸಿಗುವಂಥವಲ್ಲ. ಇಚ್ಛಾಪುರದ ರೈಫಲ್ ಫ್ಯಾಕ್ಟರಿಯ .315 ಕೆಲವರ ಮನೆಯಲ್ಲಿದೆ. ಅದರ ಗುಂಡೂ ಕಾಫಿ ಗಿಡಗಳನ್ನು ಸೀಳಿಕೊಂಡು ದೂರ ಹೋಗುತ್ತದೆ. ಮಣ್ಣಿನ ಗೋಡೆ ಇಲ್ಲದ ಕಡೆ ಅದನ್ನೂ ಎತ್ತಬಾರದು.

ಹಾಗಾದರೆ ಅಜ್ಜನ ಕಾಲದ ಜೋಡುನಳಿಗೆ ಸಾಕೇ? ಸಾಕು, ಆದರೆ ಅದಕ್ಕೆ ಸರಿಯಾದ ಕಾರ್ಟ್ರಿಜ್ ಯಾವುದು ಎಂದು ಗೊತ್ತಿದ್ದರೆ. ಯುವ ಬೆಳೆಗಾರರು ಹೊಸ ರೈಫಲ್ ಕೇಳುವ ಬದಲು ಈ ವಿದ್ಯೆ ಕೇಳಿದ್ದರೆ ನಾನು ಅವರ ಬೆನ್ನಿಗೆ ನಿಲ್ಲುತ್ತಿದ್ದೆ. ನಮ್ಮ ಐನ್‌ಮನೆಗಳ, ಅಂದರೆ ಕುಟುಂಬದ ಮೂಲಮನೆಗಳ, ಗೋಡೆಯ ಮೇಲೆ ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ 12 ಬೋರ್ ಕೋವಿಗಳಿವೆ. ಅವುಗಳಲ್ಲಿ ಬಹಳಷ್ಟರ ಚೇಂಬರ್ ಎರಡೂವರೆ ಇಂಚು, ಅಂದರೆ 65 ಮಿಲಿಮೀಟರ್. ಈಗ ಅಂಗಡಿಯಲ್ಲಿ 70 ಮಿಲಿಮೀಟರ್ ಕಾರ್ಟ್ರಿಜ್‌ಗಳೂ ಸಿಗುತ್ತವೆ. ಅದನ್ನು 65ರ ಚೇಂಬರಿಗೆ ಹಾಕಿದರೆ ಸಲೀಸಾಗಿ ಒಳಗೆ ಹೋಗುತ್ತದೆ, ಕೋವಿ ಮುಚ್ಚುತ್ತದೆ. ಯಾಕೆಂದರೆ ಕಾರ್ಟ್ರಿಜ್ ಉದ್ದ ಅಳೆಯುವುದು ಬಾಯಿ ಬಿಚ್ಚಿದ ಮೇಲೆ. ಮಡಚಿದ ಬಾಯಿಯಲ್ಲಿ ಅದು ಗಿಡ್ಡವಾಗಿಯೇ ಇರುತ್ತದೆ. ಹಾರಿಸಿದಾಗ ಬಾಯಿ ಮುಂದಕ್ಕೆ ಬಿಚ್ಚಿಕೊಂಡು ನಳಿಗೆ ಕಿರಿದಾಗುವ ಜಾಗದಲ್ಲಿ ಸಿಕ್ಕಿಕೊಳ್ಳುತ್ತದೆ. ಒತ್ತಡ ಒಮ್ಮೆಲೇ ಏರುತ್ತದೆ. ಇವತ್ತು ಏನೂ ಆಗದೆ ಇರಬಹುದು. ಹಳೆಯ ನಳಿಗೆ ಯಾವತ್ತಾದರೂ ಬಿರಿಯುತ್ತದೆ, ಬಿರಿಯುವುದು ಎಡಗೈ ಹಿಡಿದಿರುವ ಜಾಗದ ಹತ್ತಿರ. ನಾನು ಕಾರ್ಟ್ರಿಜ್ ಕೊಳ್ಳಲು ಹೋದ ಅಂಗಡಿಯಲ್ಲಿ ಚೇಂಬರ್ ಎಷ್ಟು ಎಂದು ಯಾರೂ ಕೇಳಲಿಲ್ಲ. ಹೇಳಿದ ಮೇಲೂ ಅದೇನು ದೊಡ್ಡ ವಿಷಯ ಎಂಬಂತೆ ನೋಡಿದರು.

ನಳಿಗೆಯನ್ನು ಬಿಚ್ಚಿ ಅಡಿಭಾಗ ನೋಡಿ. ಅಲ್ಲಿ ಸಣ್ಣ ಸಣ್ಣ ಮುದ್ರೆಗಳಿರುತ್ತವೆ. ಕಿರೀಟದ ಕೆಳಗೆ ಎನ್‌ಪಿ ಅಥವಾ ಬಿಎನ್‌ಪಿ ಎಂದಿದ್ದರೆ ಆ ನಳಿಗೆ ಈಗಿನ ಹೊಗೆರಹಿತ ಮದ್ದಿಗೆ ಪರೀಕ್ಷೆಯಾಗಿದೆ. ಲಂಡನ್ನಿನಲ್ಲಿ ಪರೀಕ್ಷೆಯಾದದ್ದರ ಮೇಲೆ ಕತ್ತಿ ಹಿಡಿದ ಕೈ ಇರುತ್ತದೆ. ಇದು ಯಾವುದೂ ಇಲ್ಲದೆ, ನಳಿಗೆಯ ಮೇಲೆ ಸುರುಳಿ ಸುರುಳಿ ಗೆರೆಯ ಡಮಾಸ್ಕಸ್ ಉಕ್ಕು ಕಂಡರೆ ಅದಕ್ಕೆ ಈಗಿನ ಕಾರ್ಟ್ರಿಜ್ ಹಾಕಲೇಬೇಡಿ. ಅದು ಕರಿಮದ್ದಿನ ಕಾಲದ್ದು. ಪೂಜೆಗೆ ಇಟ್ಟುಕೊಳ್ಳಿ. ಕೆಲವು ಹಳೆಯ ಚೋಕ್ (ಬಾಯಿ ಕಿರಿದು ಮಾಡಿದ) ನಳಿಗೆಗಳ ಮೇಲೆ ‘ನಾಟ್ ಫಾರ್ ಬಾಲ್’ ಎಂದು ಕೊರೆದಿರುತ್ತದೆ. ಅದಕ್ಕೆ ಒಂಟಿ ಗುಂಡಿನ ಕಾರ್ಟ್ರಿಜ್ ಹಾಕಬಾರದು. ಬಾಯಿ ಕಿರಿದಾಗಿರುವ ನಳಿಗೆಯಲ್ಲಿ ದಪ್ಪ ಗುಂಡಿಗೆ ದಾರಿ ಇರುವುದಿಲ್ಲ.

20 ಬೋರ್ ಮತ್ತು 12 ಬೋರ್ ಎರಡೂ ಇರುವ ಮನೆಯವರು ಇದನ್ನು ಎರಡು ಸಲ ಓದಿ. 20 ಬೋರಿನ ಕಾರ್ಟ್ರಿಜ್ 12 ಬೋರಿನ ನಳಿಗೆಯೊಳಗೆ ಜಾರಿ ಚೇಂಬರಿನ ಸ್ವಲ್ಪ ಮುಂದೆ ನಿಂತುಬಿಡುತ್ತದೆ. ಚೇಂಬರ್ ಖಾಲಿ ಕಾಣುತ್ತದೆ. ಅದರ ಮೇಲೆ 12 ಬೋರಿನದು ಹಾಕಿ ಹಾರಿಸಿದರೆ ನಳಿಗೆ ಕೈಯಲ್ಲೇ ಸಿಡಿಯುತ್ತದೆ. ಎರಡನ್ನೂ ಒಂದೇ ಡಬ್ಬಿಯಲ್ಲಿ, ಒಂದೇ ಜೇಬಿನಲ್ಲಿ ಇಡಬೇಡಿ.

ಕೊಯೋಟಿ ಬೇಟೆಗಾರರೂ ಪೊದೆ ಜಾಸ್ತಿ ಇರುವ ಕಡೆ ರೈಫಲ್ ಬಿಟ್ಟು 12 ಬೋರ್ ಹಿಡಿಯುತ್ತಾರೆ. ಆದರೆ ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡುತ್ತಾರೆ. ದೊಡ್ಡ ಕಾಗದ ಕಟ್ಟಿ, 40 ಗಜದಿಂದ ಹಾರಿಸಿ, 30 ಇಂಚಿನ ವೃತ್ತದೊಳಗೆ ಎಷ್ಟು ಚೆರೆ (ಸಣ್ಣ ಸೀಸದ ಗುಂಡು) ಬಿತ್ತು ಎಂದು ಎಣಿಸುತ್ತಾರೆ. ಫುಲ್ ಚೋಕ್ ನಳಿಗೆಯಲ್ಲಿ ಸಾಮಾನ್ಯ ಚೆರೆಯ ಶೇ 70ರಷ್ಟು ಒಳಗೆ ಬೀಳಬೇಕು. ಚೋಕ್ ಇಲ್ಲದ ನಳಿಗೆಯಲ್ಲಿ ಶೇ 40ರಷ್ಟು. ನಿಮ್ಮ ಪತ್ರಿಕೆಯ ಹಾಳೆಗಳನ್ನೇ ಬಿಚ್ಚಿ ಒಂದಕ್ಕೊಂದು ಅಂಟಿಸಿದರೆ ಈ ಪರೀಕ್ಷೆಗೆ ಸಾಕಾಗುತ್ತದೆ. ನಮ್ಮವರು ಎಲ್‌ಜಿ, ಎಸ್‌ಜಿ ಎಂದು ಕೇಳಿ ತರುತ್ತಾರೆ. ಅದರಲ್ಲಿರುವುದು ಬೆರಳೆಣಿಕೆಯಷ್ಟು ದಪ್ಪ ಗುಂಡು. ಇದೇ ಕಾಗದದ ಮೇಲೆ 20, 30, 40 ಗಜದಿಂದ ಹಾರಿಸಿ ನೋಡಿ. ಯಾವ ದೂರದಲ್ಲಿ ಒಂದೆರಡು ಗುಂಡು ಕಾಗದದ ಆಚೆ ಹೋಗಲು ಶುರುವಾಯಿತೋ ಅದೇ ನಿಮ್ಮ ಕೋವಿಯ ಮಿತಿ. ಆಚೆ ಹೋದ ಒಂದೊಂದು ಗುಂಡೂ 600 ಗಜ ದಾಟಬಲ್ಲದು. ಆ ಕಾರ್ಮಿಕರ ತೊಡೆಗೆ ಹೊಕ್ಕಿದ್ದು ಹೀಗೆ ಆಚೆ ಹೋದ ಗುಂಡೇ. ಈ ಪರೀಕ್ಷೆಗೂ ಹಿಂದೆ ಎತ್ತರದ ಮಣ್ಣಿನ ಬರೆ ಬೇಕು. ಜಂಬಿಟ್ಟಿಗೆ ಕಲ್ಲಿನ ಗೋಡೆ ಬೇಡ, ಸಿಡಿಯುತ್ತದೆ.

ಸೀಸದ ವಿಷಯವನ್ನೂ ಒಂದು ಮಾತಿನಲ್ಲಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ಸತ್ತ ಪ್ರಾಣಿಯಲ್ಲಿ ಉಳಿದ ಸೀಸ ತಿಂದು ರಣಹದ್ದುಗಳು ಸಾಯುತ್ತಿದ್ದವು. ಅಲ್ಲಿ ಕೊಯೋಟಿಗೂ ಸೀಸವಿಲ್ಲದ ಗುಂಡೇ ಹಾಕಬೇಕು.

ನಮ್ಮ ಕೋವಿ ವಿನಾಯಿತಿ 1861ರಿಂದ ಬಂದದ್ದು. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟ್ ಕೂಡ ಎತ್ತಿ ಹಿಡಿಯಿತು. ಮಗು ಹುಟ್ಟಿದಾಗ, ಸಾವಾದಾಗ, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ನಮ್ಮ ಕೋವಿ ಮಾತನಾಡುತ್ತದೆ. ಇದು ನನಗೆ ಹೆಮ್ಮೆ. ಈ ಹೆಮ್ಮೆ ಉಳಿಯಬೇಕಾದರೆ ನಮ್ಮ ಕೋವಿಯಿಂದ ಬೇರೆಯವರ ಮನೆಯಲ್ಲಿ ಸಾವು ಆಗಬಾರದು, ಅಲ್ವಾ? ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸಜೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದಿದೆ. ಎಷ್ಟು ಜನರಿಗೆ ಇದು ಗೊತ್ತು?

ಹಂದಿ ಕಾಟಕ್ಕೆ ಏನು ಮಾಡಬೇಕು ಎಂದು ಕೇಳುತ್ತೀರಿ. ಸೋಲಾರ್ ಬೇಲಿ, ಕಾವಲು, ಬೆಳೆ ನಷ್ಟಕ್ಕೆ ಸಮಯಕ್ಕೆ ಸಿಗುವ ಪರಿಹಾರ. ಇವನ್ನು ಒಟ್ಟಾಗಿ ಕೇಳೋಣ, ನಾನೂ ಸಹಿ ಹಾಕುತ್ತೇನೆ. ಅನುಮತಿ ಸಿಕ್ಕಿ ಹೊಡೆಯಲೇಬೇಕಾಗಿ ಬಂದರೆ ಅಟ್ಟಣೆ ಮೇಲಿಂದ, ಕೆಳಮುಖವಾಗಿ, ಮೂವತ್ತು ಗಜದೊಳಗೆ, ಹಿಂದೆ ಮಣ್ಣು ನೋಡಿ. ಲೈನ್ ಮನೆಯವರಿಗೆ ಮೊದಲೇ ತಿಳಿಸಿ, ಅವರ ಭಾಷೆ ಬಲ್ಲವರ ಬಾಯಲ್ಲಿ ತಿಳಿಸಿ. ಬರೀ ಸದ್ದು ಕೇಳಿ, ಗಿಡ ಅಲ್ಲಾಡಿದ್ದು ಕಂಡು ಹಾರಿಸಬಾರದು.

ಊರಿನ ಸಂಘಗಳಿಗೆ ನನ್ನದೊಂದು ಬೇಡಿಕೆ ಇದೆ. ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಕೋವಿ ತೊಳೆದು, ತೋಕ್ ಪೂ (ಕೋವಿ ಹೂ) ಇಟ್ಟು ಪೂಜೆ ಮಾಡುತ್ತೇವೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಸ್ಪರ್ಧೆಗೆ ಮೊದಲು ಅರ್ಧ ದಿನ ಕೋವಿಗಳ ತಪಾಸಣೆ ಇಡಿ. ಚೇಂಬರ್ ಅಳೆದು, ಮುದ್ರೆ ಓದಿ, ಯಾವ ಕಾರ್ಟ್ರಿಜ್ ಹಾಕಬಹುದು ಎಂದು ಒಂದು ಚೀಟಿ ಬರೆದು ಕೋವಿಯ ಬುಡಕ್ಕೆ ಕಟ್ಟಿ ಕಳಿಸೋಣ. ಅಂಗಡಿಯವರು ಆ ಚೀಟಿ ನೋಡದೆ ಕಾರ್ಟ್ರಿಜ್ ಕೊಡಬಾರದು. ಕೊಡಗಿನಲ್ಲಿ ನನ್ನಂಥ ನಿವೃತ್ತ ಆರ್ಮರರ್‌ಗಳು ಇನ್ನೂ ಇದ್ದಾರೆ, ಕರೆದರೆ ಬರುತ್ತಾರೆ. ಪೊನ್ನಂಪೇಟೆ, ವಿರಾಜಪೇಟೆ ಕಡೆ ಯಾರು ಕರೆದರೂ ನಾನು ನನ್ನ ಚೇಂಬರ್ ಗೇಜ್ ತೆಗೆದುಕೊಂಡು ಬರುತ್ತೇನೆ, ಖರ್ಚು ನನ್ನದೇ. ಆ ಯುವ ಬೆಳೆಗಾರರೂ ಅವರ ಅಜ್ಜನ ಕೋವಿ ತರಲಿ. ಅದರ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಕೂತು ಮಾತನಾಡಲು ನಾನು ಸಿದ್ಧ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಆರ್ಮರರ್, ಪೊನ್ನಂಪೇಟೆ, ದಕ್ಷಿಣ ಕೊಡಗು